ಹೇಂಟೆಯ ಒಂಟಿ ಸೀನು

ನಮ್ಮ ಮನೆಯಲ್ಲಿ ನನಗೆ ನೆಗಡಿಯಾದರೆ ಅದನ್ನು ಯಾರೂ ಕಾಯಿಲೆಯೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೂಗು ಕಟ್ಟಿ, ತಲೆ ಭಾರವಾಗಿ, ಕಂಬಳಿ ಹೊದ್ದು ಪಡಸಾಲೆಯ ಮೂಲೆಯಲ್ಲಿ ಕೂತು ನರಳಿದರೆ ನನ್ನ ಹೆಂಡತಿ ನಂಜಮ್ಮ ಬಾಗಿಲಲ್ಲಿ ನಿಂತು ನೋಡಿ, "ಆ ಕಂಬಳಿ ಒಗಿಯಾಕೆ ಹಾಕ್ಬೇಕಿತ್ತು, ಇತ್ಲಾಗೆ ಕೊಡಿ" ಎನ್ನುತ್ತಾಳೆ. ಅದೇ ಹಿತ್ತಲಿನ ಕೋಳಿಯೊಂದು ಕತ್ತು ಕೊಡವಿ 'ಪ್ಸಿಕ್' ಎಂದರೆ ಸಾಕು, ಒಲೆಯ ಮೇಲಿನ ಹಾಲು ಉಕ್ಕಿದರೂ ಬಿಟ್ಟು ಓಡುತ್ತಾಳೆ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಹೊಟ್ಟೆಕಿಚ್ಚು ಇದೆ, ಆದರೆ ಹೇಳುತ್ತಿರುವುದು ಅದರಿಂದಲ್ಲ. ಕೋಳಿ ಮೊಟ್ಟೆಯಿಡುತ್ತದೆ, ನಾನು ಇಡುವುದಿಲ್ಲ. ಈ ವ್ಯತ್ಯಾಸ ನನಗೂ ತಿಳಿಯುತ್ತದೆ. ಒಂದೇ ಒಂದು ಸಲ ನನ್ನ ನೆಗಡಿಗೂ ಈ ಮನೆಯಲ್ಲಿ ಮರ್ಯಾದೆ ಸಿಕ್ಕಿತು. ಆ ಮರ್ಯಾದೆಯವರೆಗೆ ಬರಬೇಕಾದರೆ ಒಂದು ಹುಂಜ, ಒಂದು ಹೇಂಟೆ, ನನ್ನ ತಮ್ಮನ ಮದುವೆ ಇಷ್ಟನ್ನೂ ದಾಟಿಕೊಂಡು ಬರಬೇಕು.

ಮೊದಲು ನನ್ನ ಮೂಗಿನ ಸಮಾಚಾರ ಹೇಳಿಬಿಡುತ್ತೇನೆ. ನಾನು ಅಜ್ಜಂಪುರದ ರೈಲ್ವೆ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತ. ಕೇಳುವುದಕ್ಕೆ ದೊಡ್ಡ ಹೆಸರು. ಕೆಲಸವೆಂದರೆ ಸುತ್ತಣ ಹಳ್ಳಿಗಳಿಂದ ಗಾಡಿಗಳಲ್ಲಿ ಬರುವ ಹತ್ತಿ, ಈರುಳ್ಳಿ, ಒಣಮೆಣಸಿನಕಾಯಿ ಮೂಟೆಗಳನ್ನು ತೂಗಿಸಿ ವ್ಯಾಗನ್ನಿಗೆ ತುಂಬಿಸುವುದು. ಸುಗ್ಗಿಯ ಕಾಲದಲ್ಲಿ ಗೂಡ್ಸ್ ಷೆಡ್ಡಿನ ತುಂಬ ಮೆಣಸಿನಕಾಯಿಯೇ. ಹೊಸಬರು ಒಳಕ್ಕೆ ಕಾಲಿಟ್ಟರೆ ಸೀನಿ ಸೀನಿ ಕಣ್ಣೀರು ಸುರಿಸುತ್ತ ಹಿಂದಕ್ಕೆ ಓಡುತ್ತಾರೆ. ಒಮ್ಮೆ ತಪಾಸಣೆಗೆ ಬಂದ ದೊಡ್ಡ ಸಾಹೇಬರು ಬಾಗಿಲಲ್ಲೇ ನಿಂತು, ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು, ಎಲ್ಲ ಸರಿಯಾಗಿದೆ ಎಂದು ಹೇಳಿ ಹೊರಟುಹೋದರು. ನಾನು ಆ ಮೂಟೆಗಳ ನಡುವೆಯೇ ಕೂತು ಬುತ್ತಿ ಬಿಚ್ಚಿ ಉಣ್ಣುವವನು. ಸಾಲದ್ದಕ್ಕೆ ನಸ್ಯದ ಚಟ. ಈ ಎರಡರ ಕೈಗೆ ಸಿಕ್ಕಿ ನನ್ನ ಮೂಗು ಕಾಲಕ್ರಮದಲ್ಲಿ ಸೀನುವುದನ್ನೇ ಮರೆತುಬಿಟ್ಟಿತ್ತು. ನೆಗಡಿಯಾದರೆ ಸೋರುತ್ತಿತ್ತು, ಕಟ್ಟುತ್ತಿತ್ತು, ಸೀನು ಮಾತ್ರ ಬರುತ್ತಿರಲಿಲ್ಲ. ಇದನ್ನು ನಾನೊಂದು ಸಾಧನೆಯೆಂದೇ ಭಾವಿಸಿದ್ದೆ. ಏಕೆಂದರೆ ನಮ್ಮ ಕಡೆ ಸೀನಿಗೆ ಬಹಳ ಬೆಲೆ. ಹೊರಟವನ ಹಿಂದೆ ಯಾರಾದರೂ ಒಂಟಿ ಸೀನು ಸೀನಿದರೆ ಅವನು ತಿರುಗಿ ಬಂದು, ಕೂತು, ನೀರು ಕುಡಿದು ಆಮೇಲೆ ಹೊರಡಬೇಕು. ಜೋಡಿ ಸೀನಾದರೆ ಚಿಂತೆಯಿಲ್ಲ, ಅದು ಶುಭವೇ. ಯಗಟಿಯ ಕಡೆಯ ಕುರಿ ವ್ಯಾಪಾರಿಯೊಬ್ಬ ಒಂಟಿ ಸೀನು ಕೇಳಿ ಪ್ಲಾಟ್‌ಫಾರಂ ಮೇಲೆಯೇ ಕೂತುಬಿಟ್ಟ. ರೈಲು ಹೋಯಿತು. ರೈಲು ಹೋದ ಮೇಲೆ ಸೀನಿದವನೇ ಇನ್ನೊಮ್ಮೆ ಸೀನಿದ. ವ್ಯಾಪಾರಿ ಅವನನ್ನು ಬಿಟ್ಟು ನನ್ನ ಮೇಲೆ ರೇಗಿದ, ರೈಲನ್ನು ಸ್ವಲ್ಪ ಹೊತ್ತು ನಿಲ್ಲಿಸಬಾರದಿತ್ತೇ ಎಂದು.

ಇನ್ನು ಹುಂಜ. ಅದನ್ನು ತಂದವನು ನಾನೇ. ತರೀಕೆರೆ ಸಂತೆಗೆ ಹಗ್ಗ ತರಲು ಹೋದವನ ಕಣ್ಣಿಗೆ ಒಂದು ಬಿಳಿ ಹುಂಜ ಬಿತ್ತು. ಕೆಂಪು ಜುಟ್ಟು ಮೈಸೂರು ಪೇಟದ ಸೆರಗಿನ ಹಾಗೆ ಒಂದು ಪಕ್ಕಕ್ಕೆ ವಾಲಿತ್ತು. ಗುಡ್ಡದ ಮೇಲಿನ ಕಾಫಿ ತೋಟದಲ್ಲಿ ದೊರೆಯ ಬಂಗಲೆಯೊಳಗೆ ಬೆಳೆದದ್ದು ಸ್ವಾಮಿ ಎಂದ ಮಾರುವವನು. ಹಗ್ಗ ಅಲ್ಲೇ ಉಳಿಯಿತು. ಗಾಡಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಹುಂಜ ಕತ್ತು ಕೊಡವಿ ಸಣ್ಣಗೆ ಸೀನುತ್ತಿತ್ತು. ಬಂಗಲೆಯಲ್ಲಿ ಬೆಳೆದ ಜೀವ, ನಮ್ಮ ರಸ್ತೆಯ ಧೂಳು ಹಿಡಿಸುವುದಿಲ್ಲ ಎಂದುಕೊಂಡೆ. ನಂಜಮ್ಮ ಅದನ್ನು ಎತ್ತಿಕೊಂಡು, ಮುಖ ತಿರುಗಿಸಿ ನೋಡಿ, "ಇದ್ರ ಕಣ್ಣಾಗೆ ನೊರೆ ಐತೆ ಕಣ್ರೀ. ಮೂಗಿನ ತೂತು ಒದ್ದೆ ಆಗೈತೆ. ಒಂದೀಟು ದಿನ ಬ್ಯಾರೆ ಕಡೆ ಕಟ್ಟಾಕಿ, ಆಮ್ಯಾಕೆ ನೋಡಾನ" ಎಂದಳು. ದೊರೆ ಮನೆಯ ಹುಂಜವನ್ನು ಬಂದ ದಿನವೇ ಬೇರೆ ಕಟ್ಟಿದರೆ ಅದು ನಮ್ಮ ಬಗ್ಗೆ ಏನೆಂದುಕೊಂಡೀತು? ನಾನು ನೇರವಾಗಿ ತೆಗೆದುಕೊಂಡು ಹೋಗಿ ಉಳಿದ ಕೋಳಿಗಳ ಜೊತೆ ಗೂಡಿಗೆ ಬಿಟ್ಟೆ.

ಹುಂಜ ಸ್ವಲ್ಪ ದಿನದಲ್ಲೇ ಚೇತರಿಸಿಕೊಂಡು ಕೂಗತೊಡಗಿತು. ತಾನು ತಂದ ನೆಗಡಿಯನ್ನು ಮಾತ್ರ ಗೂಡಿನವರಿಗೆಲ್ಲ ಹಂಚಿತ್ತು. ಮೊದಲು ಒಂದು ಹೇಂಟೆ ಸೀನಿತು, ಆಮೇಲೆ ಎರಡು, ಆಮೇಲೆ ಗೂಡಿನ ಹತ್ತಿರ ಹೋದರೆ ನಮ್ಮ ಷೆಡ್ಡಿಗೆ ಹೊಸ ಕೂಲಿಗಳು ಬಂದ ಹಾಗಿತ್ತು. ನಂಜಮ್ಮ ಮುಸ್ಸಂಜೆ ಕೋಳಿಗಳು ಗೂಡು ಸೇರಿ ಸುಮ್ಮನಾದ ಮೇಲೆ ಗೂಡಿಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು. ಹಗಲಲ್ಲಿ ಓಡಾಡುವ ಕೋಳಿ ತನ್ನ ಕಾಯಿಲೆಯನ್ನು ಮುಚ್ಚಿಡುತ್ತದಂತೆ. ಕೂತಾಗ ಗಂಟಲಿನ ಗೊರಗೊರ ಕೇಳಿಸುತ್ತದಂತೆ. ಯಾವುದರ ಕೆನ್ನೆ ಊದಿದೆ, ಯಾವುದು ಬಾಯಿ ತೆರೆದು ಉಸಿರಾಡುತ್ತಿದೆ, ಯಾವುದರ ಉಸಿರಿಗೆ ಬಾಲ ಮೇಲೆ ಕೆಳಗೆ ಆಡುತ್ತಿದೆ ಎಂದು ಒಂದೊಂದನ್ನೇ ಎತ್ತಿ ನೋಡುತ್ತಿದ್ದಳು. ನನಗೆ ಭಯವಾದದ್ದು ಕೊಕ್ಕರೆ ರೋಗದ್ದು. ಅದು ಬಂದರೆ ಕೇರಿಯ ಕೋಳಿಗಳೆಲ್ಲ ಮಲಗಿಬಿಡುತ್ತವೆ. "ಕೊಕ್ಕರೆ ಅಲ್ಲ, ಸುಮ್ಕಿರಿ" ಎಂದಳು ನಂಜಮ್ಮ. "ಕೊಕ್ಕರೆ ಆದ್ರೆ ಕತ್ತು ತಿರುಚ್ಕಂತವೆ, ಹಸುರಿಗೆ ಉಚ್ಕಂತವೆ, ನಿಮ್ಮಂಗೆ ನಿಂತ್ಕಂಡು ಯೋಚ್ನೆ ಮಾಡಾಕೂ ಟೇಮು ಕೊಡಾಕಿಲ್ಲ. ಇದು ನೆಗಡಿ."

ನೆಗಡಿಯೆಂದು ಗೊತ್ತಾದ ಮೇಲೆ ಔಷಧಿ ಹೇಳುವವರಿಗೆ ಬರವೇ? ಗೋಡೆಯಾಚೆಯ ಹಲೀಮಾಬಿ, ಕಲಾಯಿ ಹಾಕುವ ಸಾಹೇಬರ ಹೆಂಡತಿ, ಗೋಡೆಯ ಮೇಲಿಂದ ಇಣುಕಿ, "ಸರ್ದಿ ಆಗೈತೆ ನಂಜಮ್ಮಾ, ಓಮದ ಹೊಗೆ ಕೊಡು" ಎಂದರು. ಹೊಗೆ ಕೊಟ್ಟೆವು. ಕೋಳಿಗಳು ಇನ್ನೂ ಜೋರಾಗಿ ಕೆಮ್ಮಿದವು. ಮೂಗಿಗೆ ಪುಕ್ಕ ತೂರಿಸಿ ಎಂದರು ಒಬ್ಬರು. ಅದನ್ನು ಮಾಡಲು ಹೋದ ನನ್ನ ಹೆಬ್ಬೆರಳಿನಲ್ಲಿ ಇವತ್ತಿಗೂ ಗುರುತಿದೆ. ಕಡೂರಿಗೆ ಕೆಲಸದ ಮೇಲೆ ಹೋದಾಗ ದನದ ಡಾಕ್ಟರನ್ನು ಕಂಡೆ. ಅವರು ಕನ್ನಡಕ ಮೇಲೆತ್ತಿ, "ಕುದುರೆಗಾದರೆ ಹೇಳಿ, ಎತ್ತಿಗಾದರೆ ಹೇಳಿ. ಕೋಳಿಗೆ ನನಗೆ ಗೊತ್ತಿರುವ ಔಷಧಿ ಅಂದರೆ ಒಗ್ಗರಣೆ ಒಂದೇ" ಎಂದು ನಕ್ಕರು. ಆಮೇಲೆ ಪಾಪ ಅನ್ನಿಸಿ, ಬಾವಿಗೆ ಹಾಕುವ ಕೆಂಪು ಹರಳನ್ನು ಕುಡಿಯುವ ನೀರಿಗೆ ಒಂದೇ ಒಂದು ಚಿಟಿಕೆ ಹಾಕಿ, ಕಾಯಿಲೆಯದನ್ನು ಬೇರೆ ಇಡಿ, ಗೂಡಿಗೆ ಗಾಳಿ ಬಿಡಿ ಎಂದರು. ಚಿಟಿಕೆಯಿಂದ ಗುಣವಾಗುವುದಾದರೆ ಹಿಡಿಯಿಂದ ಬೇಗ ಗುಣವಾಗಬೇಕಲ್ಲ. ನೀರು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅದನ್ನು ಕುಡಿದ ಒಂದೆರಡು ಕೋಳಿಗಳು ಎಲೆಯಡಿಕೆ ಜಗಿದ ಹೆಂಗಸರ ಹಾಗೆ ಹಿತ್ತಲಲ್ಲಿ ಓಡಾಡಿದವು, ಉಳಿದವು ಬಾಯಾರಿಕೊಂಡೇ ಇದ್ದವು. ಗಾಳಿಯ ಮಾತು ನನಗೆ ಸರಿಕಾಣಲಿಲ್ಲ. ನೆಗಡಿಯವರನ್ನು ಯಾರಾದರೂ ಗಾಳಿಗೆ ಬಿಡುತ್ತಾರೆಯೇ? ಸ್ಟೇಷನ್ನಿನಿಂದ ಹಳೆಯ ಗೋಣಿಚೀಲ ತಂದು ಗೂಡಿನ ಸಂದುಗೊಂದುಗಳನ್ನೆಲ್ಲ ಮುಚ್ಚಿದೆ. ಆ ಚೀಲಗಳು ಮೆಣಸಿನಕಾಯಿಯವು. ನನ್ನ ಮೂಗಿಗೆ ಅದು ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಗೂಡು ತೆಗೆದ ನಂಜಮ್ಮ ಹಿಕ್ಕೆಯ ವಾಸನೆ ಮತ್ತು ಮೆಣಸಿನಕಾಯಿಯ ಘಾಟು ಎರಡೂ ಸೇರಿ ಮುಖಕ್ಕೆ ಹೊಡೆದು ಅಲ್ಲೇ ಕೂತುಬಿಟ್ಟಳು. ಅವಳು ಬೈಯಲಿಲ್ಲ. ಚೀಲಗಳನ್ನು ಕಿತ್ತು ಬೇಲಿಯಾಚೆ ಎಸೆದಳು, ಗೂಡು ಗುಡಿಸಿ ಬೂದಿ ಹರಡಿದಳು, ಬದನೆಕಾಯಿ ಬಣ್ಣದ ನೀರು ಚೆಲ್ಲಿದಳು. ಆಮೇಲೆ ಬೆಳ್ಳುಳ್ಳಿ, ಕರಿಮೆಣಸು, ಅರಿಶಿನ ಅರೆದು ಬೆಲ್ಲದಲ್ಲಿ ಉಂಡೆ ಕಟ್ಟಿ ಒಂದೊಂದು ಕೋಳಿಯನ್ನೂ ತೊಡೆಯ ಮೇಲೆ ಇಟ್ಟುಕೊಂಡಳು. ಎರಡು ಬೆರಳಲ್ಲಿ ಕೊಕ್ಕು ಬಿಡಿಸಿ, ಉಂಡೆಯನ್ನು ನಾಲಿಗೆಯ ಹಿಂದಕ್ಕೆ ತಳ್ಳಿ, ಬಾಯಿ ಮುಚ್ಚಿ, ನುಂಗುವವರೆಗೂ ಗಂಟಲನ್ನು ಮೇಲಿಂದ ಕೆಳಕ್ಕೆ ಮೆಲ್ಲಗೆ ನೀವುತ್ತಿದ್ದಳು. ಅಷ್ಟು ಹೊತ್ತೂ ಅವುಗಳ ಜೊತೆ ಮಾತಾಡುತ್ತಿದ್ದಳು. ನನ್ನ ಜೊತೆ ಆ ವಾರ ಮಾತು ಕಡಿಮೆ. ಕೋಳಿಗಳು ಒಂದೊಂದಾಗಿ ಗುಣವಾದವು. ಚುಕ್ಕಿ ಎಂಬ ಹೇಂಟೆಗೆ ಮಾತ್ರ ಸೀನು ಬಿಡಲಿಲ್ಲ. ಅದು ನಂಜಮ್ಮ ತವರಿನಿಂದ ತಂದ ಹೇಂಟೆಯ ಮೊಮ್ಮಗಳು. ಅದನ್ನು ಪಡಸಾಲೆಯ ಪಕ್ಕದ ಕೋಣೆಯಲ್ಲಿ, ಕಿಟಕಿಯ ಕೆಳಗೆ, ಮಂಕರಿ ಕವುಚಿ ಬೆಚ್ಚಗೆ ಇಟ್ಟಿದ್ದಳು.

ಹೀಗಿರುವಾಗ ನನ್ನ ತಮ್ಮ ಸಿದ್ಧನ ಸಂಬಂಧದ ಮಾತು ಬಂತು. ಸಿದ್ಧ ನಮ್ಮ ಹೊಲ, ತೆಂಗಿನ ತೋಟ ನೋಡಿಕೊಂಡು ನಮ್ಮ ಜೊತೆಯೇ ಇದ್ದ. ಒಳ್ಳೆಯ ಹುಡುಗ, ಕಷ್ಟಜೀವಿ, ಆದರೆ ಯಾಕೋ ಬಂದ ಸಂಬಂಧಗಳೆಲ್ಲ ಬಾಗಿಲವರೆಗೆ ಬಂದು ತಿರುಗಿ ಹೋಗಿದ್ದವು. ಈ ಸಲ ದೇವನೂರಿನ ಹುಡುಗಿ. ಯಗಟಿಯ ನೆಂಟರ ಮನೆಯಲ್ಲಿ ಅವಳನ್ನು ಕಂಡು ಬಂದಾಗಿನಿಂದ ಅವನು ತಲೆಗೆ ಎಣ್ಣೆ ಹಚ್ಚಿ ಬಾಚತೊಡಗಿದ್ದ. ತೆಂಗಿನ ಮರ ಹತ್ತುವ ಮುಂಚೆಯೂ ಬಾಚುತ್ತಿದ್ದ. ಹುಡುಗಿಯ ತಾತ ಮುದ್ದೇಗೌಡರು ಮನೆ ನೋಡಲು ಬರುತ್ತಾರೆಂದು ತಿಳಿದಾಗ, "ಅತ್ತಿಗೆ, ಇದೊಂದು ಕೈತಪ್ಪಿ ಹೋಗ್ದಂಗೆ ನೋಡ್ಕೊ" ಎಂದು ನಂಜಮ್ಮನಿಗೆ ಹೇಳಿದ. ನನಗೆ ಹೇಳಲಿಲ್ಲ.

ಗೌಡರು ತಮ್ಮ ಕಡೆಯವರನ್ನು ಕರೆದುಕೊಂಡು ಕಡೂರಿನವರೆಗೆ ಗಾಡಿ ಕಟ್ಟಿಸಿ, ಅಲ್ಲಿಂದ ರೈಲಿನಲ್ಲಿ ಸಂಜೆಗೆ ಬಂದಿಳಿದರು. ಮನೆಗೆ ಬಂದ ನೆಂಟರಿಗೆ ಕೋಳಿ ಕೊಯ್ಯದೆ ಇದ್ದರೆ ಆಗುತ್ತದೆಯೇ? ಕಾಯಿಲೆ ಬಿದ್ದೆದ್ದ ಕೋಳಿಗಳನ್ನು ಅಡುಗೆಗೆ ಮುಟ್ಟುವುದಿಲ್ಲವೆಂದು ನಂಜಮ್ಮ ಖಂಡಿತವಾಗಿ ಹೇಳಿ, ಹಲೀಮಾಬಿಯ ಮನೆಯಿಂದ ಗಟ್ಟಿಮುಟ್ಟಾದ ಹುಂಜ ತರಿಸಿ ಸಾರು ಮಾಡಿದಳು. ಗೌಡರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿ, ಕಣ್ಣು ಮುಚ್ಚಿ, "ಏನಪ್ಪಾ ಗುಮಾಸ್ತ್ರೇ, ಈ ಕೋಳಿ ಎಲ್ಲಿದು? ಇಂಥ ರುಚಿ ನಾನು ಉಂಡಿರ್ನಿಲ್ಲ" ಎಂದರು. ಗೋಡೆಯಾಚೆಯದು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೊಗಳಿಕೆ ಎದುರಿಗೆ ಬಂದು ನಿಂತಾಗ ಅದನ್ನು ಪಕ್ಕದ ಮನೆಗೆ ಕಳಿಸುವಷ್ಟು ದೊಡ್ಡ ಮನಸ್ಸು ನನ್ನದಲ್ಲ. "ನಮ್ಮ ಹಿತ್ತಲದೇ ಗೌಡ್ರೇ. ನಾನೇ ನಿಂತು ಬೆಳೆಸಿದ್ದು" ಎಂದೆ. ಒಳಗೆ ಸೌಟು ಬಿದ್ದ ಸದ್ದಾಯಿತು.

ಬೆಳಿಗ್ಗೆ ಪಡಸಾಲೆಯಲ್ಲಿ ಚಾಪೆ ಹಾಸಿ ಮಾತಿಗೆ ಕೂತೆವು. ಮನೆ ಹಿಡಿಸಿತು, ತೋಟ ಹಿಡಿಸಿತು, ಸಿದ್ಧನ ತಲೆಗೂದಲೂ ಹಿಡಿಸಿದ ಹಾಗಿತ್ತು. ನಡುವೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ಅದನ್ನು ನಾನು ಎತ್ತಿ ಕೊಟ್ಟು ಗೌಡರು ತೆಗೆದುಕೊಂಡರೆ ಸಂಬಂಧ ಗಟ್ಟಿಯಾದಂತೆ. ನಾನು ತಟ್ಟೆ ಎತ್ತಿದೆ. ಗೌಡರು ಕೈ ಚಾಚಿದರು. ಪಕ್ಕದ ಕೋಣೆಯಿಂದ 'ಪ್ಸಿಕ್' ಎಂದು ಒಂದು ಸೀನು ಬಂತು. ಒಂದೇ.

ಗೌಡರ ಕೈ ಅಲ್ಲೇ ನಿಂತಿತು. "ಯಾರು ಸೀನಿದ್ದು?" ಎಂದರು. ನಾನು ಯೋಚನೆ ಮಾಡಿದೆ. ಕೋಳಿ ಸೀನಿತು ಎಂದರೆ ಅಪಶಕುನದಿಂದ ಪಾರಾಗಬಹುದು. ಕೋಳಿಯ ಸೀನನ್ನು ಯಾವ ಶಕುನದವನೂ ಲೆಕ್ಕಕ್ಕಿಟ್ಟಿಲ್ಲ. ಆದರೆ ಈ ಮನೆಯ ಕೋಳಿಗಳಿಗೆ ಕಾಯಿಲೆಯೆಂದ ಕೂಡಲೇ ನಿನ್ನೆ ಉಂಡ ಸಾರು ಗೌಡರ ಹೊಟ್ಟೆಯಲ್ಲಿ ಎದ್ದು ಕೂರುತ್ತದೆ. ನಾನೇ ನಿಂತು ಬೆಳೆಸಿದ್ದು ಎಂದು ಬೇರೆ ಹೇಳಿದ್ದೇನೆ. ರೋಗದ ಕೋಳಿ ತಿನ್ನಿಸಿದ ಮನೆಗೆ ಯಾರು ಹೆಣ್ಣು ಕೊಡುತ್ತಾರೆ? ಹೆಂಗಸರ ಮೇಲೆ ಹಾಕೋಣವೆಂದರೆ ಒಳಗಿರುವ ಹೆಂಗಸು ನಂಜಮ್ಮ ಒಬ್ಬಳೇ. "ನಾನೇ ಗೌಡ್ರೇ, ಸೀನಿದ್ದು" ಎಂದುಬಿಟ್ಟೆ. ಗೌಡರು ನನ್ನ ಮುಖವನ್ನೇ ನೋಡಿ, "ನೀವು ನನ್ನ ಎದುರ್ಗೇ ಕುಂತಿದ್ರಲ್ಲಪ್ಪಾ. ಸೀನು ಆ ಕೋಣೆಯಿಂದ ಬಂತು" ಎಂದರು. "ನನ್ನ ಸೀನು ಹಾಗೇ. ಸ್ವಲ್ಪ ದೂರದಿಂದ ಕೇಳಿಸುತ್ತೆ" ಎಂದೆ. ಸಿದ್ಧ ತಲೆ ತಗ್ಗಿಸಿದ.

ಗೌಡರು ಕೆಟ್ಟವರಲ್ಲ, ನೇಮದವರು. "ಆಗ್ಲಿ, ನೀವೇ ಅಂತ್ಲೇ ಇಟ್ಕಳಾನ. ಒಂಟಿ ಸೀನಿನ ಮ್ಯಾಲೆ ವೀಳ್ಯ ಹಿಡಿಯಾಕಾಗಕಿಲ್ಲ. ಇನ್ನೊಂದು ಸೀನಿ, ಜೋಡಿ ಆದ್ರೆ ತಗಂತೀನಿ. ಇಲ್ದಿದ್ರೆ ಮಧ್ಯಾಹ್ನದ ರೈಲಿಗೆ ಹೊಂಡ್ತೀವಿ, ಮುಂದೆ ನೋಡಾನ" ಎಂದರು. ಸಂಬಂಧದ ಮಾತಿನಲ್ಲಿ 'ಮುಂದೆ ನೋಡೋಣ' ಎಂದರೆ ಏನೆಂದು ಸಿದ್ಧನಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲರೂ ನನ್ನ ಮೂಗನ್ನೇ ನೋಡುತ್ತ ಕೂತರು. ನಾನು ನಸ್ಯದ ಡಬ್ಬಿ ತೆಗೆದು ದೊಡ್ಡದೊಂದು ಚಿಟಿಕೆ ಏರಿಸಿದೆ. ಏನೂ ಆಗಲಿಲ್ಲ. ಇನ್ನೊಂದು ಏರಿಸಿದೆ. ಮುಖ ಕಿವಿಚಿದೆ, ಛಾವಣಿ ನೋಡಿದೆ, ಕಿಟಕಿಯಿಂದ ಸೂರ್ಯನನ್ನು ನೋಡಿದೆ. ಬಾಯಿ ತೆರೆದು ತಲೆ ಹಿಂದಕ್ಕೆ ಒಯ್ದಾಗ ಗೌಡರ ಕಡೆಯವರೆಲ್ಲ ಉಸಿರು ಬಿಗಿಹಿಡಿದರು. ಒಂದು ಆಕಳಿಕೆ ಬಂತು. ಇಷ್ಟು ದಿನ ಹಗಲು ಹೊತ್ತೆಲ್ಲ ಸೀನುತ್ತಿದ್ದ ಚುಕ್ಕಿ ಈಗ ಮಂಕರಿಯ ಕೆಳಗೆ ಮೌನವಾಗಿತ್ತು. ಸಿದ್ಧನ ಕಣ್ಣಲ್ಲಿ ನೀರು ನಿಂತದ್ದನ್ನು ನಾನು ನೋಡಿದೆ. ನಿಜ ಹೇಳುತ್ತೇನೆ, ಅವತ್ತು ನನ್ನ ಮೂಗನ್ನು ಕಿತ್ತು ಬಿಸಾಡಬೇಕು ಅನ್ನಿಸಿತು.

ಆ ಹೊತ್ತಿಗೆ ಅಡುಗೆಮನೆಯ ಕಡೆಯಿಂದ ಏನೋ ಚಟಪಟ ಸದ್ದು ಕೇಳಿಸಿತು. ಒಂದು ಕ್ಷಣದಲ್ಲಿ ಗೌಡರು ಸೀನಿದರು. ಅವರ ಅಳಿಯ ಸೀನಿದ. ಸಿದ್ಧ ಸೀನಿದ. ಆಮೇಲೆ ಯಾರು ಯಾವಾಗ ಸೀನಿದರೆಂದು ಹೇಳುವ ಹಾಗಿರಲಿಲ್ಲ. ನಂಜಮ್ಮ ಬೊಗಸೆ ತುಂಬ ಒಣಮೆಣಸಿನಕಾಯಿ ಒಲೆಗೆ ಸುರಿದಿದ್ದಳು. ಘಾಟು ಪಡಸಾಲೆಯನ್ನೆಲ್ಲ ತುಂಬಿ, ಎಲ್ಲರೂ ಕೆಮ್ಮುತ್ತ ಸೀನುತ್ತ ಒಬ್ಬರ ಮೇಲೊಬ್ಬರು ಬೀಳುತ್ತ ಅಂಗಳಕ್ಕೆ ಓಡಿದರು. ನಂಜಮ್ಮನೂ ಓಡಿಬಂದಳು, ಕಂಕುಳಲ್ಲಿ ಚುಕ್ಕಿ. ಅಂಗಳದಲ್ಲಿ ಬಿಟ್ಟಾಗ ಅದು ಕತ್ತು ಕೊಡವಿ ಎಲ್ಲರ ಜೊತೆ ತಾನೂ ಸೀನಿತು. ಗೌಡರು ಕಣ್ಣೊರೆಸಿಕೊಂಡು, "ಪಾಪ, ಕೋಳಿಗೂ ಘಾಟು ಹತ್ತಿಬಿಡ್ತು ನೋಡು" ಎಂದರು. ನಂಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ, "ತಪ್ಪು ತಿಳ್ಕಬ್ಯಾಡಿ ಗೌಡ್ರೇ. ಒಂಟಿ ಸೀನು ಬಂತಲ್ಲ, ಯಾರ್ದಾರ ದೃಷ್ಟಿ ಆಗೈತೇನೋ ಅಂತ ನಿವಾಳಿಸಿ ಒಲೆಗೆ ಹಾಕ್ದೆ" ಎಂದಳು. ಮೆಣಸಿನಕಾಯಿ ಸುಟ್ಟಾಗ ಘಾಟು ಬರದಿದ್ದರೆ ದೃಷ್ಟಿ ಬಿದ್ದಿದೆಯೆಂದು ಅರ್ಥ, ಘಾಟು ಬಂದರೆ ದೃಷ್ಟಿಯಿಲ್ಲವೆಂದು. ಗೌಡರು ಸುತ್ತ ನೋಡಿದರು. ಇಷ್ಟು ಘಾಟನ್ನು ಅವರು ಆಯುಷ್ಯದಲ್ಲೇ ಕಂಡಿರಲಿಲ್ಲ. "ಈ ಮನ್ಯಾಗೆ ದೃಷ್ಟಿ ಇಲ್ಲ ಕಣವ್ವಾ. ಸೀನೂ ಜೋಡಿ ದಾಟಿ ಎಲ್ಲಿಗೋ ಹೋಯ್ತು. ತಟ್ಟೆ ತಾ" ಎಂದರು. ವೀಳ್ಯ ಅಂಗಳದಲ್ಲೇ ಕೈ ಬದಲಾಯಿತು. ಸಿದ್ಧ ಅತ್ತಿಗೆಯ ಕಾಲಿಗೆ ಬಿದ್ದ. ಅವನು ಅಳುತ್ತಿದ್ದುದು ಘಾಟಿಗೋ ಸಂತೋಷಕ್ಕೋ ಎಂದು ಯಾರೂ ಕೇಳಲಿಲ್ಲ.

ಆ ಸಂಭ್ರಮದಲ್ಲಿ ಗೌಡರ ದೃಷ್ಟಿ ನನ್ನ ಮೇಲೆ ಬಿತ್ತು. ನಾನೊಬ್ಬನೇ ಹೊಗೆ ಬರುತ್ತಿದ್ದ ಬಾಗಿಲಲ್ಲಿ ಕೆಮ್ಮದೆ, ಸೀನದೆ, ಒಣಗಿದ ಕಣ್ಣಿನಲ್ಲಿ ನಿಂತಿದ್ದೆ. "ಗುಮಾಸ್ತ್ರಿಗೆ ಘಾಟೇ ಹತ್ನಿಲ್ವಲ್ಲ" ಎಂದರು ನಿಧಾನವಾಗಿ. ಎಲ್ಲರೂ ತಿರುಗಿ ನೋಡಿದರು. ಮನೆಗೆ ಬಿದ್ದಿದ್ದ ದೃಷ್ಟಿಯೆಲ್ಲ ನನ್ನೊಬ್ಬನ ಮೇಲೆ ಕೂತಿದೆ ಎಂದು ಅಲ್ಲಿಯೇ ತೀರ್ಮಾನವಾಯಿತು. ಆವತ್ತಿನಿಂದ ಪ್ರತಿ ಅಮಾವಾಸ್ಯೆಗೂ ನಂಜಮ್ಮ ನನ್ನನ್ನು ಹೊಸಿಲ ಮೇಲೆ ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಕೇರಿಯವರೆಲ್ಲ ಕೆಮ್ಮುತ್ತಿದ್ದರು. ನಾನು ಕೆಮ್ಮುತ್ತಿರಲಿಲ್ಲ. ದೃಷ್ಟಿ ಇನ್ನೂ ಇಳಿದಿಲ್ಲ ಎಂದು ಮುಂದಿನ ಅಮಾವಾಸ್ಯೆಗೆ ಮತ್ತೆ ಕೂರಿಸುತ್ತಿದ್ದಳು. ಚುಕ್ಕಿ ಅಂಗಳದ ಗಾಳಿಯಲ್ಲಿ ಚೆನ್ನಾಗಿ ಗುಣವಾಗಿ ಕಾವಿಗೆ ಕೂತಾಗ ನನ್ನನ್ನು ಆ ಕಡೆ ಸುಳಿಯಗೊಡಲಿಲ್ಲ. ಕೊನೆಗೆ, ಇದಕ್ಕೆಲ್ಲ ಮೂಲ ಆ ಡಬ್ಬಿಯೇ ಎಂದು ನನ್ನ ನಸ್ಯದ ಡಬ್ಬಿಯನ್ನು ಕಿತ್ತುಕೊಂಡು ಎಲ್ಲೋ ಬಚ್ಚಿಟ್ಟಳು.

ಮದುವೆ ದೇವನೂರಿನಲ್ಲಿ. ಅದರ ಓಡಾಟಕ್ಕೆಂದು ಬಹಳ ದಿನ ರಜೆ ಹಾಕಿದ್ದೆ. ಷೆಡ್ಡಿನ ಮೆಣಸಿನಕಾಯಿಯಿಲ್ಲ, ನಸ್ಯವಿಲ್ಲ. ನನ್ನ ಮೂಗು ತನ್ನಷ್ಟಕ್ಕೆ ತಾನು ವಾಸಿಯಾಗುತ್ತಿದ್ದುದು ನನಗೆ ತಿಳಿಯಲಿಲ್ಲ. ಚಪ್ಪರದ ಕೆಳಗೆ ಧಾರೆಗೆ ನಿಂತಿದ್ದೆವು. ಚೆಂಬಿನಿಂದ ಹಾಲು ಬೀಳುವುದಕ್ಕೂ ನನ್ನ ಮೂಗಿನ ಬುಡದಲ್ಲಿ ಮರೆತೇಹೋಗಿದ್ದ ಒಂದು ಕಚಗುಳಿ ಏಳುವುದಕ್ಕೂ ಸರಿಹೋಯಿತು. ಹಲ್ಲು ಕಚ್ಚಿದೆ, ಮೂಗು ಒತ್ತಿ ಹಿಡಿದೆ. ಗಟ್ಟಿಮೇಳ 'ಢಂ' ಎಂದ ಕ್ಷಣದಲ್ಲೇ ನಾನೂ ಸೀನಿದೆ. ಒಂದೇ. ಡೋಲಿನ ಸದ್ದಿನಲ್ಲಿ ಅದು ಗೌಡರಿಗೆ ಕೇಳಿಸಲಿಲ್ಲ, ಸಿದ್ಧನಿಗೆ ಕೇಳಿಸಲಿಲ್ಲ. ಎದುರಿಗೆ ನಿಂತಿದ್ದ ನಂಜಮ್ಮನಿಗೂ ಕೇಳಿಸಿರಲಾರದು. ಆದರೆ ಅವಳು ನನ್ನನ್ನು ನೋಡುತ್ತಿದ್ದಳು; ಕೋಳಿ ಕತ್ತು ಕೊಡವಿದ್ದನ್ನೇ ದೂರದಿಂದ ಗುರುತು ಹಿಡಿಯುವವಳಿಗೆ ನನ್ನದು ಗೊತ್ತಾಗದೆ ಇರುತ್ತದೆಯೇ?

ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಊರಿಗೆ ಬಂದ ಮೇಲೆ ನನಗೆ ಸರಿಯಾದ ನೆಗಡಿಯೇ ಹಿಡಿಯಿತು. ಕಂಬಳಿ ಹೊದ್ದು ಮೂಲೆಯಲ್ಲಿ ಕೂತಿದ್ದೆ. ನಂಜಮ್ಮ ಹಿತ್ತಲಿನಿಂದ ಬಟ್ಟಲು ಹಿಡಿದುಕೊಂಡು ಬಂದಳು. ಚುಕ್ಕಿಯ ಮರಿಗಳಿಗೆ ಕೊಟ್ಟು ಉಳಿದ ಬೆಳ್ಳುಳ್ಳಿ ಮೆಣಸಿನ ಉಂಡೆ ಅದರಲ್ಲಿತ್ತು. "ಬಾಯಿ ತಗೀರಿ" ಎಂದಳು. ನಾನು ವಾದ ಹೂಡಲು ಬಾಯಿ ತೆರೆದೆ. ಎರಡು ಬೆರಳಲ್ಲಿ ದವಡೆ ಹಿಡಿದು, ಉಂಡೆಯನ್ನು ನಾಲಿಗೆಯ ಹಿಂದಕ್ಕೆ ತಳ್ಳಿ, ಬಾಯಿ ಮುಚ್ಚಿದಳು. ನುಂಗುವವರೆಗೂ ನನ್ನ ಗಂಟಲನ್ನು ಮೇಲಿಂದ ಕೆಳಕ್ಕೆ ಮೆಲ್ಲಗೆ ನೀವುತ್ತಿದ್ದಳು. ನಾನು ಬೇಗ ನುಂಗಲಿಲ್ಲ.